ವಸ್ಮಿಯಾಳ ಬಿಸಿ ಚೀಲ

ಸಾಲ್ಮಿಯ ಮರಳುಗಾಡಿಗೆ ಕ್ಯಾರವಾನ್ ಎಂಬ ಗಾಲಿಮನೆಯನ್ನು ಎಳೆದು ತಂದು ನಿಲ್ಲಿಸಿದ ಕೂಡಲೇ ಫಲಾಹ್ ತಾಯಿಗೆ ಷರತ್ತು ಹಾಕಿದ. "ಯುಮ್ಮಾ, ಒಂದೇ ಒಂದು ಸಲ ನಡುಗಿದ್ರೂ ಗಾಡಿ ಮನೆ ಕಡೆ ತಿರುಗುತ್ತೆ. ಆಮೇಲೆ ಹಟ ಮಾಡೋ ಹಾಗಿಲ್ಲ."

ವಸ್ಮಿಯಾ ಒಪ್ಪಿದಳು. ಒಪ್ಪದೆ ಏನು ಮಾಡಿಯಾಳು? ಹೋದ ಚಳಿಗಾಲವನ್ನೆಲ್ಲ ನ್ಯುಮೋನಿಯಾ ಹಿಡಿದು ಆಸ್ಪತ್ರೆಯ ಗೋಡೆ ನೋಡುತ್ತಾ ಕಳೆದಿದ್ದಳು. ಎಪ್ಪತ್ತೆರಡು ವರ್ಷಗಳಲ್ಲಿ ಅವಳು ಮರಳುಗಾಡಿಗೆ ಬಾರದ ಚಳಿಗಾಲ ಅದೊಂದೇ. ಈ ಸಲ ಮೂರು ದಿನವಾದರೂ ಇದ್ದೇ ಹೋಗಬೇಕೆಂದು ಅವಳ ಜೀವ ಹಪಹಪಿಸುತ್ತಿತ್ತು.

ಹೊತ್ತು ಮುಳುಗಿತು, ಗಾಳಿ ಎದ್ದಿತು, ಹೀಟರ್ ಎರಡು ಸಲ ಗೊರಗುಟ್ಟಿ ಸುಮ್ಮನಾಯಿತು. ಫಲಾಹ್ ಅದನ್ನು ಬಿಚ್ಚಿದ, ಮುಚ್ಚಿದ, ಬಾಯಿಗೆ ಬಂದಂತೆ ಬೈದ. ಕುರಿಯುಣ್ಣೆಯ ನಿಲುವಂಗಿಯೊಳಗೆ ಹಲ್ಲು ಕಚ್ಚಿ ಕೂತ ವಸ್ಮಿಯಾ ನಡುಕ ಬಂದಾಗಲೆಲ್ಲ ಮೈ ಕುಲುಕಿಸಿ ನಕ್ಕುಬಿಡುತ್ತಿದ್ದಳು.

"ಯಾಕತ್ತೆ ನಗ್ತಿದ್ದೀರಿ?" ಸೊಸೆ ನೂರಿಯಾ ಕೇಳಿದಳು.

"ನಿನ್ನ ಗಂಡನ ರಿಪೇರಿ ನೋಡಿ."

ಕೊನೆಗೆ ಫಲಾಹ್‌ಗೆ ಡೇರೆಯ ಕಾಲದ ಉಪಾಯ ನೆನಪಾಯಿತು. ಮಧ್ಯಾಹ್ನದಿಂದ ಹೊರಗಿನ ಗುಂಡಿಯಲ್ಲಿ ಉರಿಯುತ್ತಿದ್ದ ಬೆಂಕಿಯ ಕೆಂಡವನ್ನು ತಟ್ಟೆಗೆ ತುಂಬಿಕೊಂಡು ಒಳಗೆ ತರಲು ಹೊರಟ. ವಸ್ಮಿಯಾ ಬಾಗಿಲಿಗೆ ಅಡ್ಡ ನಿಂತಳು.

"ಹೊರಗಿಡು."

"ಅಜ್ಜನ ಕಾಲದಿಂದ ಕೆಂಡ ಪಕ್ಕದಲ್ಲಿಟ್ಕೊಂಡೇ ಮಲಗಿದ್ದೀವಲ್ಲಮ್ಮ."

"ಅದು ಮೇಕೆ ಕೂದಲಿನ ಡೇರೆ, ತಾನೇ ಉಸಿರಾಡ್ತಿತ್ತು. ಇದು ಮುಚ್ಚಿದ ಡಬ್ಬಿ. ಬೆಳಿಗ್ಗೆ ಹೊತ್ತಿಗೆ ನಮ್ಮುಸಿರು ಇರಲ್ಲ."

ಫಲಾಹ್‌ನ ಮುಖ ಬಾಡಿತು. "ಹಾಗಾದ್ರೆ ಮನೆಗೆ ಹೋಗೋಣ, ನಡಿ."

ವಸ್ಮಿಯಾ ನಿಲುವಂಗಿಯನ್ನು ಬಿಗಿದುಕೊಂಡಳು. "ನಾನು ನಡುಗಿದ್ದನ್ನ ನೀನು ನೋಡಿದ್ಯಾ? ಇಲ್ಲ ತಾನೆ? ಸುಮ್ಮನೆ ಸಲಿಕೆ ತಾ."

ಗುಂಡಿಯಲ್ಲಿ ಉಳಿದ ಕೆಂಡವನ್ನು ಬದಿಗೆ ಸರಿಸಿ, ಅಡಿಯ ಮರಳನ್ನು ಬಗೆಸಿದಳು. ಒಂದು ಕಿಡಿಯೂ ಉಳಿಯದಂತೆ ಜರಡಿ ಹಿಡಿಸಿದಳು. ಅಕ್ಕಿಯ ಬಟ್ಟೆ ಚೀಲಗಳಿಗೆ ತುಂಬಿಸಿ, ಬಾಯಿ ಕಟ್ಟಿ, ಕೆನ್ನೆಗೊತ್ತಿ ಬಿಸಿ ನೋಡಿದಳು. ಸಿಕ್ಕಿದ್ದು ಎರಡೇ ಚೀಲ; ಒಂದನ್ನು ಸೊಸೆಯ ಹಾಸಿಗೆಯಲ್ಲಿ, ಇನ್ನೊಂದನ್ನು ತನ್ನ ಹಾಸಿಗೆಯ ಕಾಲ ಬುಡದಲ್ಲಿ ಇಟ್ಟಳು.

"ಅತ್ತೆ, ಹಾಸಿಗೆ ಹೊದಿಕೆ ಹೊಸದು, ಬಿಳೀದು," ನೂರಿಯಾ ಗೊಣಗಿದಳು.

"ಬಿಳೀದನ್ನೇ ಹೊದ್ದು ನಡುಗ್ತಾ ಮಲ್ಕೋ. ನಿನ್ನ ಚೀಲ ನನಗೆ ಕೊಡು."

ನೂರಿಯಾ ಕೊಡಲಿಲ್ಲ. ಕಾಲು ಗಂಟೆಯೊಳಗೆ ಅದನ್ನು ಹೊಟ್ಟೆಗವಚಿಕೊಂಡು ಗೊರಕೆ ಹೊಡೆಯತೊಡಗಿದಳು. ವಸ್ಮಿಯಾಳ ಪಾದದಿಂದ ಮೊಣಕಾಲಿಗೆ, ಅಲ್ಲಿಂದ ಬೆನ್ನಿಗೆ ಬಿಸಿ ಹತ್ತಿತು. ಎಷ್ಟು ಸುಖವಾಯಿತೆಂದರೆ ಅವಳಿಗೆ ಹಾಡು ಹೇಳಬೇಕೆನಿಸಿತು.

ಅಷ್ಟರಲ್ಲಿ ಫಲಾಹ್ ಕಳ್ಳಹೆಜ್ಜೆಯಲ್ಲಿ ಬಂದು ಹೊದಿಕೆಯೊಳಗೆ ಕೈ ತೂರಿಸಿ ಅವಳ ಪಾದ ಮುಟ್ಟಿ ನೋಡಿದ. ಅವನ ಬೆರಳು ಮಂಜುಗಡ್ಡೆಯಾಗಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು.

"ಷರತ್ತು ಅಂದ್ರೆ ಷರತ್ತು," ವಸ್ಮಿಯಾ ಅಂದಳು. "ನಡುಗ್ತಿರೋನು ನೀನು. ಮನೆಗೆ ಬಿಟ್ಟು ಬರ್ಲಾ?"

ಫಲಾಹ್ ನಕ್ಕುಬಿಟ್ಟ. ಅವಳು ಚೀಲವನ್ನು ಅವನ ಕಡೆ ಅರ್ಧ ಸರಿಸಿ, "ಕಾಲು ಚಾಚು, ಬಾ," ಅಂದಳು. ನಲವತ್ತೈದರ ಮಗ ಅಮ್ಮನ ಕಾಲ ಬುಡದಲ್ಲಿ ಮುದುಡಿಕೊಂಡ.

"ಯುಮ್ಮಾ," ಅಂದ ಕಾಲು ಬೆಚ್ಚಗಾದ ಮೇಲೆ, "ಮೂರು ದಿನ ಸಾಕಾ, ವಾರ ಇರೋಣ್ವಾ?"