ಬೆಟ್ಟ ತಳ್ಳಿದ ನೀರು

ಕರಾರಾ ಊರಿನ ನಮ್ಮ ಅಮೃತಶಿಲೆ ಗಣಿಯಲ್ಲಿ ಹೆಣ್ಣೊಬ್ಬಳು ಮೇಸ್ತ್ರಿಯಾದದ್ದು ಇದೇ ಮೊದಲು. ಅವಳು ಲಿಬೆರಾ, ನನ್ನ ಮಗಳು. ಈಗ ಎದೆ ತಟ್ಟಿಕೊಂಡು ಹೇಳುತ್ತೇನೆ. ಅವಳು ಮೊದಲ ಬಂಡೆ ಕೆಡಹಿದ ದಿನ ಬೆಳಿಗ್ಗೆ ಮಾತ್ರ ಹೇಳಿರಲಿಲ್ಲ. ಬಂಡೆ ಕೆಡಹುವ ಮುನ್ನ ಮೂರು ಸಲ ಕೊಂಬೂದುವ ಹಕ್ಕು ಮೇಸ್ತ್ರಿಯದು. ಕೊಂಬು ಇನ್ನೂ ಹಳೇ ಮೇಸ್ತ್ರಿಯಾದ ನನ್ನ ಕೊರಳಲ್ಲೇ ಇತ್ತು.

"ಮೊದಲು ಬಂಡೆ ಒಡೀದ ಹಾಗೆ ಮಲಗಿಸು. ಆಮೇಲೆ ಕೊಂಬಿನ ಮಾತು" ಎಂದಿದ್ದೆ.

ಎಂಟುನೂರು ಟನ್ ಬಿಳಿ ಅಮೃತಶಿಲೆ. ಗರಗಸದ ತಂತಿ ಅದರ ಬೆನ್ನು ಸೀಳಿತ್ತು. ಆ ಸೀಳಿನೊಳಗೆ ಲಿಬೆರಾ ಉಕ್ಕಿನ ನಾಲ್ಕು ತೆಳು ದಿಂಬುಗಳನ್ನು ಇಳಿಸಿ, ಪಂಪಿನ ಕೊಳವೆ ಸಿಕ್ಕಿಸಿದಳು. ಅವುಗಳಲ್ಲಿ ತುಂಬುವುದು ಬರೀ ನೀರು; ತುಂಬಿದಂತೆ ದಿಂಬು ಉಬ್ಬಿ ಬಂಡೆಯನ್ನು ಮುಂದಕ್ಕೆ ತಳ್ಳುತ್ತದೆ.

ಲಾರಿ ಓಡಿಸಲು ಹೊಸದಾಗಿ ಬಂದಿದ್ದ ಉರ್ಬಾನೊ ಕಿಸಕ್ಕನೆ ನಕ್ಕ. "ಬೆಟ್ಟಕ್ಕೆ ನೀರು ಕುಡಿಸಿ ಬೀಳಿಸ್ತೀಯೇನವ್ವಾ?"

"ಕ್ಷೌರದಂಗಡಿ ಕುರ್ಚೀಲಿ ನಿನ್ನ ಹೊಟ್ಟೇನ ಮೇಲೆತ್ತೋದು ಯಾವ ದೇವರು ಅಂದ್ಕೊಂಡೆ? ಬ್ರೇಕ್ ತುಳಿದ್ರೆ ಅಷ್ಟು ದೊಡ್ಡ ಲಾರಿ ನಿನ್ನ ಕಾಲಿಗೆ ಹೆದರಿ ನಿಲ್ಲುತ್ತಾ? ಪೈಪಿನೊಳಗೆ ಎಣ್ಣೆ ಒತ್ತುತ್ತೆ ಕಣೋ. ಇಲ್ಲಿ ನೀರು, ಅಷ್ಟೇ. ಪಂಪಲ್ಲಿ ಎಷ್ಟು ಬಿಗಿ ಇದೆಯೋ ದಿಂಬಿನ ಮೂಲೆಮೂಲೇಲೂ ಅಷ್ಟೇ ಬಿಗಿ. ದಿಂಬು ಅಗಲವಾದಷ್ಟೂ ಬಲ ಜಾಸ್ತಿ" ಎಂದಳು ಲಿಬೆರಾ.

ನಾನೇ ಮೂರು ಸಲ ಕೊಂಬೂದಿದೆ. ಪಂಪು ಗುರುಗುಟ್ಟಿತು. ಅಳತೆಯ ಮುಳ್ಳು ಏರುತ್ತಲೇ ಹೋಯಿತು. ಬಂಡೆ ಕೂದಲೆಳೆಯಷ್ಟೂ ಕದಲಲಿಲ್ಲ.

"ಇನ್ನೂ ತುಂಬೇ ಹುಡುಗಿ! ಕೊಳ್ಳೋನು ಕೆಳಗೆ ಕಾಯ್ತಿದಾನೆ!" ಎಂದು ಅರಚಿದೆ.

"ಕಾಯ್ಲಿ" ಎಂದವಳೇ ಪಂಪು ನಿಲ್ಲಿಸಿ ನೀರು ಹೊರಬಿಟ್ಟಳು. ಕೆಳಗೆ ಬಗ್ಗಿ ಸೀಳನ್ನು ನೋಡಿದಳು. "ಈ ಮೂಲೆ ಇನ್ನೂ ಅಂಟ್ಕೊಂಡಿದೆ. ಹೀಗೇ ತಳ್ಳಿದ್ರೆ ಬಂಡೆ ನಡುವೆ ಸೀಳುತ್ತೆ. ತಂತಿ ಮತ್ತೆ ಹಾಕ್ರಪ್ಪಾ."

ನಾನು ಒಂದು ಪಕ್ಕಕ್ಕೆ ಸರಿದೆ. ಬುತ್ತಿ ಬಿಚ್ಚಿ ಕೂತೆ, ಉಪ್ಪು ಹಾಕಿದ ಹಂದಿಕೊಬ್ಬು, ಬ್ರೆಡ್ಡು ಕೈಯಲ್ಲೇ ಉಳಿಯಿತು. ಇಪ್ಪತ್ತೆಂಟು ವರ್ಷದ ಹಿಂದೆ ಇಂಥದೇ ಬಂಡೆ ಕದಲದೆ ನಿಂತಿತ್ತು. ನಾನು ಪಂಪು ನಿಲ್ಲಿಸಲಿಲ್ಲ. ಬಂಡೆ ಎರಡು ಹೋಳಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಅಂದಿನಿಂದ ಸಿಕ್ಕಸಿಕ್ಕವರಿಗೆಲ್ಲ, ಕಲ್ಲಿನೊಳಗೇ ಬಿರುಕಿತ್ತು ಎಂದು ಹೇಳಿಕೊಂಡು ಬಂದಿದ್ದೆ.

ಮಧ್ಯಾಹ್ನದ ಹೊತ್ತಿಗೆ ತಂತಿ ಮೂಲೆಯನ್ನು ಬಿಡಿಸಿತು. ನಾನು ಎದ್ದು ಹೋಗಿ, ಎಲ್ಲರ ಮುಂದೆ ಕೊಂಬನ್ನು ಮಗಳ ಕೊರಳಿಗೆ ಹಾಕಿದೆ.

"ಆವತ್ತು ಕಲ್ಲಲ್ಲಿ ಬಿರುಕಿರಲಿಲ್ಲ ಕಣ್ರೋ. ತಪ್ಪು ನಂದೇ" ಎಂದೆ.

"ಗೊತ್ತಪ್ಪಾ" ಎಂದಳು ಲಿಬೆರಾ ಮೆಲ್ಲಗೆ. "ಅಮ್ಮ ಹೇಳಿದ್ಲು. ಅದಕ್ಕೇ ಇವತ್ತು ನಿಲ್ಲಿಸಿದ್ದು."

ಮೂರು ಸಲ ಕೊಂಬೂದಿದಳು. ಪಂಪು ಮತ್ತೆ ಗುರುಗುಟ್ಟಿತು. ಮುಳ್ಳು ಅರ್ಧಕ್ಕೂ ಏರಿರಲಿಲ್ಲ, ಬಂಡೆ ಮುಂದಕ್ಕೆ ವಾಲಿ, ಹಾಸಿದ್ದ ಮಣ್ಣುಗುಡ್ಡೆಯ ಮೇಲೆ ದಡಾರನೆ ಬಿತ್ತು. ಧೂಳು ಇಳಿದೊಡನೆ ಓಡಿ ಹೋಗಿ ನೋಡಿದೆ. ಅಬ್ಬಾ! ಒಂದೇ ಒಂದು ಬಿರುಕಿಲ್ಲ. ಉರ್ಬಾನೊ ಟೋಪಿ ತೆಗೆದು ನಿಂತಿದ್ದ.

"ಯಾರ್ರೀ ಕೆಡವಿದ್ದು ಇದನ್ನ?" ಕೊಳ್ಳುವವನು ಕೆಳಗಿನಿಂದ ಕೂಗಿದ.

ಮೂವತ್ತು ವರ್ಷ ಆ ಕೂಗಿಗೆ ನನ್ನ ಹೆಸರನ್ನೇ ಹೇಳಿದ್ದೆ. ಈ ಸಲ ಬೆಟ್ಟಕ್ಕೆಲ್ಲ ಕೇಳುವ ಹಾಗೆ ಕೂಗಿದೆ: "ಮೇಸ್ತ್ರಿ ಲಿಬೆರಾ!"