ತುಟಿಗಳ ನಡುವಿನ ಪಿನ್ನು

ಕನ್ನಡಕಕ್ಕಾಗಿ ಅಪ್ಪನ ಕೆಲಸದ ಅಂಗಿಯ ಜೇಬು ತಡಕುತ್ತಿದ್ದ ಮಗಳ ಬೆರಳಿಗೆ ಏನೋ ಚುಚ್ಚಿತು. ಹೊರಗೆ ತೆಗೆದು ನೋಡಿದಳು. ಒಂದು ಸ್ಪ್ಲಿಟ್ ಪಿನ್ನು. ಎರಡು ಕಾಲೂ ನೆಟ್ಟಗಿದ್ದವು. ಹೊಚ್ಚಹೊಸದು.

"ಸಿಕ್ತೇನೇ?" ಅಮ್ಮ ಹಜಾರದಿಂದ ಕೇಳಿದಳು. "ಕನ್ನಡಕ ಇಲ್ದೆ ಅವರ ಮುಖ ಅವರದ್ದು ಅನ್ಸೋದೇ ಇಲ್ಲ ಕಣೇ."

ನಿನ್ನೆ ಸಂಜೆಯವರೆಗೂ ಅಪ್ಪ ಇದೇ ಅಂಗಿಯಲ್ಲಿ ಔಷಧಿ ಅಂಗಡಿಯವರ ಪುಟ್ಟ ಹಾಯಿದೋಣಿಗೆ ಹೊಸ ಫರ್ಲರ್ ಕೂರಿಸುತ್ತಿದ್ದ. ಫರ್ಲರ್ ಎಂದರೆ ಮುಂದಿನ ಹಾಯಿಯನ್ನು ಚಾಪೆಯ ಹಾಗೆ ಸುತ್ತಿಡುವ ಉರುಳೆ. ಹಗ್ಗ ಎಳೆದರೆ ಹಾಯಿ ಸುತ್ತಿಕೊಳ್ಳುತ್ತದೆ, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಹಳೆಯದು ಉಪ್ಪುಗಾಳಿಗೆ ಕಚ್ಚಿಕೊಂಡು ಕೂತಿತ್ತು. ಅದನ್ನು ಬದಲಿಸಬೇಕಾದರೆ ಹಾಯಿಕಂಬವನ್ನು ಮುಂದಿನಿಂದ ಬಿಗಿದು ನಿಲ್ಲಿಸಿರುವ ಉಕ್ಕಿನ ತಂತಿಯನ್ನೇ ಕಳಚಿ, ಆಮೇಲೆ ದೋಣಿಯ ಮೂತಿಯ ಹತ್ತಿರ ಒಂದು ಕೀಲು ತೂರಿಸಿ ಮತ್ತೆ ಕೂಡಿಸಬೇಕು. ಆ ಕೀಲು ಜಾರದಂತೆ ಅದರ ತುದಿಯ ತೂತಿಗೆ ಇಂಥದೊಂದು ಪಿನ್ನು ಹಾಕಿ ಕಾಲು ಮಡಚಬೇಕು. ಪಿನ್ನಿಲ್ಲದಿದ್ದರೆ ಕೀಲು ಜಾರುತ್ತದೆ, ಕೀಲು ಜಾರಿದರೆ ತಂತಿ ಬಿಡುತ್ತದೆ, ತಂತಿ ಬಿಟ್ಟರೆ ಹಾಯಿಕಂಬ ದೋಣಿಯಲ್ಲಿ ಕೂತವರ ತಲೆಯ ಮೇಲೆ.

ಆ ದೋಣಿ ಈಗ ನೀರಿನ ಮೇಲಿತ್ತು. ಭಾನುವಾರ ಲಾಂಚು ಓಡುವುದಿಲ್ಲವೆಂದು ಔಷಧಿ ಅಂಗಡಿಯವರೇ ಮುಂದೆ ಬಂದು, "ಅವರ ಕೈಯ ಕೊನೇ ಕೆಲಸ ಇದು. ಇದರಲ್ಲೇ ಹೋಗಿ ಅವರಕ್ಕನ್ನ ಕರ್ಕೊಂಡು ಬರ್ತೀನಿ" ಎಂದು ಬೆಳಿಗ್ಗೆಯೇ ಎದುರಿನ ದ್ವೀಪಕ್ಕೆ ಹೊರಟಿದ್ದರು. ಅತ್ತೆ ಬಂದು ಮುಖ ನೋಡಿದ ಮೇಲೆಯೇ ಅಪ್ಪನನ್ನು ಹೊರಡಿಸುವುದೆಂದು ಮನೆ ತುಂಬ ಜನ ಕಾದು ಕೂತಿದ್ದರು.

ಮಗಳು ಔಷಧಿ ಅಂಗಡಿಯವರಿಗೆ ಫೋನ್ ಮಾಡಿದಳು. ಸಂಪರ್ಕಕ್ಕೆ ಸಿಗುತ್ತಿಲ್ಲ. ಮತ್ತೆ ಮಾಡಿದಳು. ಕಿಟಕಿಯ ಪರದೆ ಆಗಲೇ ಗಾಳಿಗೆ ಉಬ್ಬತೊಡಗಿತ್ತು. ಹಜಾರದಲ್ಲಿ ಹಾಯಿ ಹೊಲಿಯುವ ಮಾಮ, ಅಪ್ಪನ ಜೀವದ ಗೆಳೆಯ, ತಲೆ ತಗ್ಗಿಸಿ ಕೂತಿದ್ದ. ಅವನ ಭುಜ ಮುಟ್ಟಿ ಅಡುಗೆಮನೆಗೆ ಕರೆದು ಅಂಗೈ ತೆರೆದು ತೋರಿಸಿದಳು.

"ಇರಲಿ ಅಂತ ಒಂದು ಜಾಸ್ತಿ ತಂದಿಟ್ಕೊಂಡಿದ್ನೇನೋ, ಅಲ್ವಾ ಮಾಮ?"

ಮಾಮ ಪಿನ್ನನ್ನು ಬೆಳಕಿಗೆ ಹಿಡಿದ. "ನಿಮ್ಮಪ್ಪ ಪಿನ್ನನ್ನ ಜೇಬಿಗೆ ಹಾಕಿದ್ದು ನೀನು ಯಾವತ್ತಾದ್ರೂ ನೋಡಿದೀಯೇನಮ್ಮಾ?"

*

ನೋಡಿರಲಿಲ್ಲ. ಅಪ್ಪನ ಪಿನ್ನಿನ ಜಾಗ ಬಾಯಿ. ಡಬ್ಬದಿಂದ ತೆಗೆದದ್ದೇ ತುಟಿಗಳ ನಡುವೆ ಸಿಕ್ಕಿಸಿಕೊಂಡರೆ, ಅದು ತೂತಿಗೆ ಸೇರುವವರೆಗೂ ಮಾತಿಲ್ಲ. ಬಂದರಿನಲ್ಲಿ ಅವನಿಗೆ 'ಮೌನಿ' ಎಂಬ ಹೆಸರೇ ಬಿದ್ದುಹೋಗಿತ್ತು. ಪಿನ್ನು ಇಲ್ಲದಾಗ ಅವನು ವಟವಟ ಎನ್ನುವ ಆಸಾಮಿ ಎನ್ನುವುದು ಮನೆಯವರಿಗೆ ಮಾತ್ರ ಗೊತ್ತಿದ್ದ ಸಂಗತಿ.

ಮಗಳು ಸಣ್ಣವಳಿದ್ದಾಗ ಕೇಳಿದ್ದಳು: "ಜೇಬಿಗೆ ಹಾಕ್ಕೊಬಾರ್ದಾ ಅಪ್ಪ?"

ಅವನು ಪಿನ್ನು ಕೂರಿಸಿ, ಇಕ್ಕಳದಿಂದ ಕಾಲು ಮಡಚಿ, ಮೇಲೆ ಟೇಪು ಸುತ್ತಿ, ಆಮೇಲೆ ಬಾಯಿಬಿಟ್ಟ. "ಜೇಬಲ್ಲಿರೋದು ಮರ್ತುಹೋಗುತ್ತೆ ಮಗಳೇ. ಬಾಯಲ್ಲಿರೋದನ್ನ ಮರೀತೀನಿ ಅಂದ್ರೂ ಆಗಲ್ಲ."

ಅಮ್ಮ ಇದರ ಲಾಭ ಪಡೆಯುತ್ತಿದ್ದಳು. ದೋಣಿಕಟ್ಟೆಗೆ ಊಟ ತಂದವಳು ಅವನ ಬಾಯಲ್ಲಿ ಪಿನ್ನು ಕಂಡ ಕೂಡಲೇ, "ಬರೋ ವಾರ ನನ್ನ ತಂಗಿ ಬಂದು ಒಂದು ತಿಂಗಳು ಇದ್ದು ಹೋಗ್ತಾಳೆ. ಬೇಡ ಅನ್ನೋದಾದ್ರೆ ಈಗಲೇ ಹೇಳಿಬಿಡಿ" ಎನ್ನುವಳು. ಅವನು ಕಣ್ಣು ಕೆಕ್ಕರಿಸುವನು. "ಸರಿ, ಒಪ್ಪಿದ್ರಿ" ಎಂದು ಸೆರಗು ಸರಿಮಾಡಿಕೊಂಡು ಹೊರಟೇಬಿಡುವಳು.

*

"ನಿನ್ನೆ ಓಗೊಟ್ರು ಕಣೇ."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ ಇಬ್ಬರಿಗೂ ತಿಳಿಯಲಿಲ್ಲ. ಅವಳ ಕಣ್ಣು ಮಾಮನ ಕೈಯಲ್ಲಿದ್ದ ಪಿನ್ನಿನ ಮೇಲಿತ್ತು.

"ಕತ್ತಲಾಗ್ತಿದೆ, ಊಟ ಆರಿಹೋಗುತ್ತೆ ಅಂತ ಕಟ್ಟೆ ಮೇಲಿಂದ ಕೂಗಿದೆ. 'ಬಂದೇ' ಅಂದ್ರು. ಒಂದೇ ಕೂಗಿಗೆ ಓಗೊಟ್ರಲ್ಲ ಅಂತ ನಾನು ಖುಷಿಪಟ್ಟೆ." ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಬಂದವರು ಭುಜ ಹಿಡ್ಕೊಂಡಂಗಿದೆ ಅಂತ ಮಲಗಿದವರು ಮತ್ತೆ ಏಳ್ಲೇ ಇಲ್ಲ. ಬಾಯಿಂದ ಪಿನ್ನು ತೆಗೆದಿದ್ದು ನಾನು ಕೂಗಿದ್ದಕ್ಕೇ."

"ಸುಮ್ನಿರಮ್ಮ. ನೋವು ಬಂದು ತೆಗೆದಿರ್ತಾನೆ," ಎಂದಳು ಮಗಳು.

"ಅತ್ತಿಗೆ ಇದಾರೆ ಆ ದೋಣೀಲಿ," ಎಂದಳು ಅಮ್ಮ. ಪಕ್ಕದ ಮನೆಯಾಕೆಗೆ, "ಸ್ವಲ್ಪ ಇವರ ಹತ್ರ ಕೂತಿರಿ" ಎಂದು ಹೇಳಿ, ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದಳು.

ದೋಣಿಕಟ್ಟೆ ಮನೆಯ ಹಿಂದಿನ ಬೀದಿಯ ಕೊನೆಗೇ ಇತ್ತು. ಮಾಮ ದಾರಿಯಲ್ಲಿ ತನ್ನ ಅಂಗಡಿಗೆ ನುಗ್ಗಿ ಇಕ್ಕಳ ತಂದ. ನೀರಿನ ಮೇಲೆ ಬಿಳಿ ನೊರೆ ಎದ್ದಿತ್ತು. ಬಂದರಿನ ಮೋಟಾರು ದೋಣಿಗಳೆಲ್ಲ ಬೆಳಿಗ್ಗೆಯೇ ಮೀನಿಗೆ ಹೋಗಿದ್ದವು. ಎದುರು ಹೋಗಿ ತಿಳಿಸಲು ಒಂದೂ ಇರಲಿಲ್ಲ. ಏಕೆ ಹೀಗೆ ಎದ್ದು ಓಡಿದರೆಂದು ತಿಳಿಯದೆ ಮನೆಯಲ್ಲಿದ್ದ ಕೆಲವರೂ ಹಿಂದೆಯೇ ಬಂದು ನಿಂತರು.

"ತಂತಿ ಬಿಗಿಯಾಗಿರೋವರೆಗೆ ಕೀಲು ಕೂತಲ್ಲೇ ಕೂತಿರುತ್ತೆ," ಎಂದ ಮಾಮ ಮೆಲ್ಲಗೆ. "ದೋಣಿ ತಿರುಗಿಸೋವಾಗ ಹಾಯಿ ಪಟಪಟ ಅಂತ ಹೊಡ್ಕೊಳ್ಳುತ್ತಲ್ಲ, ಆಗ್ಲೇ ಕಷ್ಟ."

ತಿರುಗುವುದು ಎಲ್ಲಿ ಎಂದು ಮೂವರಿಗೂ ಗೊತ್ತಿತ್ತು. ತಡೆಗೋಡೆಯ ಮೂಲೆಯಲ್ಲಿ, ಅವರ ಕಣ್ಣೆದುರಿಗೇ.

ಕಾದು ಕಾದು ಕಣ್ಣು ಉರಿಯತೊಡಗಿದಾಗ ದೋಣಿ ಕಾಣಿಸಿತು. ಹಾಯಿ ತುಂಬ ಗಾಳಿ. ಅತ್ತೆ ಕಂಬದ ಬುಡದಲ್ಲೇ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಮಗಳು ಎರಡೂ ಕೈ ಬೀಸಿ, "ಅತ್ತೇ, ಹಿಂದೆ ಹೋಗಿ!" ಎಂದು ಕಿರುಚಿದಳು. ಗಾಳಿ ಆ ಮಾತನ್ನು ಊರ ಕಡೆಗೇ ತಳ್ಳಿತು. ತಮ್ಮನ್ನೇ ಕರೆಯುತ್ತಿದ್ದಾರೆಂದು ಔಷಧಿ ಅಂಗಡಿಯವರೂ ಕೈಬೀಸಿದರು.

ದೋಣಿ ತಿರುಗಿತು. ಹಾಯಿ ಒಮ್ಮೆಲೇ ಬಡಿದುಕೊಳ್ಳತೊಡಗಿತು. ಕಂಬ ನಡುಗುವುದು ಕಟ್ಟೆಯ ಮೇಲಿಂದಲೂ ಕಂಡಿತು. ಅಮ್ಮ ಮಗಳ ತೋಳನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಳು. ಅಷ್ಟರಲ್ಲಿ ಔಷಧಿ ಅಂಗಡಿಯವರು ಹಗ್ಗ ಎಳೆದರು. ಉರುಳೆ ತಿರುಗಿತು, ಹಾಯಿ ಸದ್ದಿಲ್ಲದೆ ಸುತ್ತಿಕೊಂಡಿತು, ದೋಣಿ ತೇಲುತ್ತ ಬಂದು ಕಟ್ಟೆಗೆ ತಾಗಿತು.

"ನೋಡಿದ್ರಾ? ಬೆಣ್ಣೆ ಥರ ಸುತ್ಕೊಳ್ತು!" ಎಂದರು ಅವರು. ಅವರ ಕಣ್ಣು ಒದ್ದೆಯಾಗಿತ್ತು. "ಎಂಥಾ ಕೈ ಅವರದ್ದು!"

ಮಗಳು ಮೊದಲು ಅತ್ತೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಕಟ್ಟೆಗೆ ಹತ್ತಿಸಿದಳು. ಆಮೇಲೆ ದೋಣಿಯ ಮೂತಿಗೆ ಹೋಗಿ ಬಗ್ಗಿದಳು. ತೂತು ಖಾಲಿ. ಕೀಲು ಮುಕ್ಕಾಲು ಪಾಲು ಹೊರಗೆ ಬಂದು ತುದಿಯಲ್ಲಷ್ಟೇ ತಂತಿಯನ್ನು ಹಿಡಿದುಕೊಂಡಿತ್ತು.

ಮಾಮನೂ ನೋಡಿದ. ಔಷಧಿ ಅಂಗಡಿಯವರೂ ಬಗ್ಗಿ ನೋಡಿ, ಬೆವರೊರೆಸಿಕೊಂಡು ಅಲ್ಲೇ ಕುಸಿದರು. ಮಾಮ ಕಂಬ ಬೀಳದಂತೆ ಅದರ ತುದಿಯಿಂದ ಇಳಿಬಿದ್ದಿದ್ದ ಹಗ್ಗವನ್ನು ಮುಂದಕ್ಕೆ ಎಳೆದು ಬಿಗಿದು, ಪಿನ್ನನ್ನೂ ಇಕ್ಕಳವನ್ನೂ ಅವಳತ್ತ ಚಾಚಿದ. ಕೀಲನ್ನು ಒಳಕ್ಕೆ ಒತ್ತಿ ಹಿಡಿಯಲು ಒಂದು ಕೈ ಬೇಕಿತ್ತು, ಇಕ್ಕಳಕ್ಕೆ ಇನ್ನೊಂದು. ಅವಳು ಪಿನ್ನನ್ನು ತುಟಿಗಳ ನಡುವೆ ಇಟ್ಟುಕೊಂಡಳು. ಎಣ್ಣೆಯ ರುಚಿ ನಾಲಿಗೆಗೆ ಹತ್ತಿತು.

ಕಟ್ಟೆಯ ಮೇಲೆ ಅತ್ತೆಯ ದನಿ ಏರಿತು. "ಎಲ್ಲಾ ಇಲ್ಲಿ ಬಂದು ನಿಂತಿದ್ದೀರಲ್ಲ, ನನ್ನ ತಮ್ಮ ಅಲ್ಲಿ ಒಬ್ನೇನಾ? ಏ ಹುಡುಗೀ, ಈಗೇನೇ ಅದು ದೋಣಿ ಕೆಲಸ? ಬಾರೇ! ಕೂಗ್ತಾ ಇದೀನಿ, ಕೇಳಿಸ್ತಿಲ್ವಾ?"

ಮಗಳು ತಿರುಗಲಿಲ್ಲ. ಅತ್ತೆ ಮತ್ತೆ ಕೂಗಲು ಬಾಯಿ ತೆರೆದಳು. ಅಮ್ಮ ಮುಂದೆ ಬಂದು ಅವಳ ಕೈ ಹಿಡಿದುಕೊಂಡಳು.

"ಕೂಗಬೇಡಿ ಅತ್ತಿಗೆ," ಎಂದಳು. "ಅವಳ ಬಾಯಲ್ಲಿ ಪಿನ್ನಿದೆ."