ಬಿಜಲಿಯ ದವಡೆ ಕಾಯ್ದ ಸುರುಳಿ

ನಾನು ತಾಮ್ರದ ಕೊಳವೆಯ ಒಂದು ಸುರುಳಿ. ಧಾರವಾಡದ ಪ್ರಯೋಗಾಲಯವೊಂದರಲ್ಲಿ ಮರದ ದಿಮ್ಮಿಗೆ ಸುತ್ತಿ ನನಗೆ ಈ ರೂಪ ಕೊಟ್ಟರು. ಮೈಯಲ್ಲಿ ವಿದ್ಯುತ್ತು ಹರಿಯುವಾಗ ನಾನೇ ಕಾಯದಿರಲೆಂದು ಹೊಟ್ಟೆಯೊಳಗೆ ತಣ್ಣೀರು ಹರಿಸುತ್ತಿದ್ದರು. ನನ್ನ ಯಜಮಾನಿ ವಿಜ್ಞಾನಿ ಜಯಶೀಲಾ ಹಂಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಾಂತೀಯ ಕಣಗಳನ್ನು ನೀರಿಗೆ ಬೆರೆಸಿ ಅವರು ನನ್ನ ನಡುವೆ ಇಡುತ್ತಿದ್ದರು. ವಿದ್ಯುತ್ತಿನಿಂದ ನನ್ನಲ್ಲಿ ಹುಟ್ಟುವ ಕಾಂತ ಸೆಳೆತ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸಿದರೆ ಆ ಕಣಗಳು ಬಿಸಿಯಾಗುತ್ತವೆ. ಅವನ್ನು ಕ್ಯಾನ್ಸರ್ ಗಡ್ಡೆಯೊಳಗೆ ಚುಚ್ಚಿದ್ದರೆ ಆ ಕಾವಿಗೆ ಗಡ್ಡೆ ಸಾಯುತ್ತದೆ. ಹದ ತಪ್ಪದಿದ್ದರೆ ಪಕ್ಕದ ಮಾಂಸ ಉಳಿಯುತ್ತದೆ.

ಮೊದಲು ಗಾಜಿನ ಸೀಸೆಗಳು, ಆಮೇಲೆ ಇಲಿಗಳು. ಬಳಿಕ ನನ್ನನ್ನು ಪಶು ಆಸ್ಪತ್ರೆಗೆ ಒಯ್ದರು. ಅಲ್ಲಿಗೆ ಬಂದವಳು ಬಿಜಲಿ ಎಂಬ ಪೊಲೀಸ್ ನಾಯಿ. ಕೆಳದವಡೆಯಲ್ಲಿ ಗಡ್ಡೆ. ದವಡೆಯನ್ನೇ ಕತ್ತರಿಸಬೇಕೆಂದು ವೈದ್ಯರು ಹೇಳಿದ್ದರು. ಮರಿಯಿದ್ದಾಗಿನಿಂದ ಅವಳನ್ನು ಪಳಗಿಸಿದ ಹವಾಲ್ದಾರ್ ಫಕೀರಪ್ಪನಿಗೆ ಮನಸ್ಸೊಪ್ಪಿರಲಿಲ್ಲ.

“ಕಳ್ಳರನ್ನ ಹಿಡದ ಬಾಯಿರಿ ಇದು,” ಎಂದ. “ಉಳಸಾಕ ಆಗತೈತೇನ್ರಿ, ಮೇಡಮ್ಮರ?”

“ಮಾತು ಕೊಡಂಗಿಲ್ಲ, ಫಕೀರಪ್ಪ. ಆದಷ್ಟು ನೋಡ್ತೀನಿ.”

ಅರಿವಳಿಕೆ ಕೊಟ್ಟು, ಗಡ್ಡೆಗೆ ಆ ಕಣಗಳ ಕಪ್ಪು ದ್ರವ ಚುಚ್ಚಿ, ಅವಳ ತಲೆಯನ್ನು ನನ್ನೊಳಗೆ ಮಲಗಿಸಿದರು. ಗಡ್ಡೆಯ ನಡುಭಾಗ ಕಾಯಿತು. ಕೆಳಅಂಚು ತಣ್ಣಗೇ ಉಳಿಯಿತು.

“ಕಾವು ಇನ್ನಷ್ಟು ಏರಸೋಣಲ್ರಿ,” ಎಂದರು ಪಶುವೈದ್ಯರು.

ಹಂಜಿಯವರ ಕೈ ಗುಂಡಿಯ ಮೇಲಿತ್ತು. ಅವರು ನನ್ನನ್ನು ಆರಿಸಿಬಿಟ್ಟರು. ನನಗೆ ಸೋತಂತಾಯಿತು. ಹೊರಗೆ ಕಾದಿದ್ದ ಫಕೀರಪ್ಪನಿಗೆ ತಾವೇ ಹೋಗಿ ಹೇಳಿದರು: “ಇವತ್ತ ಅರ್ಧಾನ ಆಗೇತಿ. ಅವಸರ ಮಾಡಿದ್ರ ನಾಲಿಗಿ ಸುಡತೈತಿ.”

ಅವನು ಒಳಗೆ ಬಂದ. ಬಿಜಲಿ ಎಚ್ಚರಾಗುವವರೆಗೂ ಅವಳ ಕಿವಿ ನೇವರಿಸುತ್ತ ಕುಳಿತಿದ್ದ.

ಮುಂದಿನ ವಾರ ದ್ರವವನ್ನು ಅಂಚಿಗೇ ಚುಚ್ಚಿದರು. ಈ ಸಲ ಕಾವು ಎಲ್ಲೆಡೆ ಸಮನಾಗಿ ಹರಡಿತು. ನಾಲಿಗೆಗೆ ಬಿಸಿ ತಾಗಲಿಲ್ಲ. ನಾಲ್ಕಾರು ವಾರಗಳಲ್ಲಿ ಗಡ್ಡೆ ಕುಗ್ಗಿತು. ಉಳಿದ ಚೂರನ್ನು ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು, ದವಡೆ ಉಳಿಯಿತು. ಬಿಜಲಿ ಖಟಕ್ ರೊಟ್ಟಿಯನ್ನು ಕಟಕಟನೆ ಅಗಿದ ದಿನ ಫಕೀರಪ್ಪ ಗೋಡೆಗೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದ. ತಾಮ್ರವಾಗಿ ಹುಟ್ಟಿದ್ದಕ್ಕೆ ನಾನು ಅಂದು ಹೆಮ್ಮೆಪಟ್ಟೆ.

ಈಗ ನನ್ನ ಬೆಸುಗೆ ಸಡಿಲಾಗಿದೆ, ಕಪಾಟಿನ ಮೇಲೆ ಕೂತಿದ್ದೇನೆ. ಮನುಷ್ಯರಿಗೆಂದು ದೊಡ್ಡ ಸುರುಳಿ ಬಂದಿದೆ. ಮೊನ್ನೆ ಅದರ ಮೊದಲ ರೋಗಿಯಾಗಿ ಗಂಗವ್ವ ಎಂಬಾಕೆ ಬಂದಳು. ಹೆದರಿದ್ದಳು. ಹಂಜಿಯವರು ನನ್ನನ್ನು ಇಳಿಸಿ ಅವಳ ಮಡಿಲಲ್ಲಿಟ್ಟರು.

“ಇದು ಒಳಗಿನ ದೊಡ್ಡ ಸುರುಳಿಯ ಅಕ್ಕ. ಇದರಿಂದನ ನಾವು ಕಾವು ಎಲ್ಲಿ ನಿಲ್ಲಸಬೇಕಂತ ಕಲತಿದ್ದು.”

ಗಂಗವ್ವ ನನ್ನ ಮೈಮೇಲೆ ಬೆರಳಾಡಿಸಿದಳು. ಆಮೇಲೆ ಸೆರಗು ಸರಿಪಡಿಸಿಕೊಂಡು, “ನಡೀರಿ,” ಎಂದು ತಾನೇ ಮುಂದಾಗಿ ಒಳಗೆ ಹೋದಳು.